ಎತ್ತದೆ ಸರಿಸಿದವಳು

ನನ್ನ ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಯಿತು. ಮಾತಾಡಿಸಿ ಹೋಗಲು ಬಂದವರು ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. "ಏನ್ ಶಕ್ತಿ ಇತ್ತಪಾ ಆಕಿಗೆ. ಎಂತೆಂತಾ ಭಾರದವರನ್ನ ಎತ್ತಿದ್ಲು." ದುಃಖದ ಮನೆಯಲ್ಲಿ ವಾದ ಮಾಡಬಾರದೆಂದು ನಾನು ಹೂಂ ಅಂದೆ. ಆದರೆ ಅವಳಿಗೆ ಶಕ್ತಿ ಇರಲಿಲ್ಲ. ಮೂವತ್ತು ತುಂಬುವ ಮೊದಲೇ ಅವಳ ಸೊಂಟ ಕೆಟ್ಟಿತ್ತು. ಅವಳು ಮಾಡಿದ್ದು ಬೇರೆ. ಅದನ್ನು ಬಲ್ಲವನು ಈಗ ನಾನೊಬ್ಬನೇ.

ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ನಾನು ಗಂಡಸರ ವಾರ್ಡಿನಲ್ಲಿ, ಅವಳು ಹೆಂಗಸರ ವಾರ್ಡಿನಲ್ಲಿ ಆಯಾ. ನಮ್ಮ ಸೀಮೆ ಆಗ ಮದರಾಸಿಗೆ ಸೇರಿತ್ತು, ಡಾಕ್ಟರೂ ಆ ಕಡೆಯವರೇ. ಅವಳ ತವರು ಮಾತ್ರ ಸಂಡೂರು ಸಂಸ್ಥಾನದ ವಡ್ಡು ಎಂಬ ಹಳ್ಳಿ. ಮದುವೆಯಾಗಿ ಬಂದಾಗ ಎರಡು ಕೊಡ ನೀರು ಹೊತ್ತರೆ ಏದುಸಿರು ಬಿಡುತ್ತಿದ್ದ ಸಣ್ಣ ಮೈಯವಳು. ಆಸ್ಪತ್ರೆಯ ಹಿಂದಿನ ಹಂಚಿನ ಕೋಣೆಯೊಂದರಲ್ಲಿ ನಾವಿದ್ದೆವು. ಕರೆದಾಗ ಆಯಾ ಸಿಗಬೇಕೆಂದು ಅವಳ ಕೆಲಸಕ್ಕೆ ಕೊಟ್ಟ ಕೋಣೆ ಅದು. ಅವಳ ಕೆಲಸ ಹೋದರೆ ಕೋಣೆಯೂ ಹೋಗುತ್ತಿತ್ತು.

ಒಂದು ದಿನ ನೆಲಕ್ಕೆ ಬಿದ್ದಿದ್ದ ಬಾಣಂತಿಯೊಬ್ಬಳನ್ನು ಅವಳು ಒಬ್ಬಳೇ ಎತ್ತಿ ಮಂಚಕ್ಕೆ ಹಾಕಿದಳು. ಎತ್ತಿ ತಿರುಗುವಾಗ ಸೊಂಟದೊಳಗೆ ಏನೋ ಹಿಡಿದಂತಾಯಿತಂತೆ. ಸಂಜೆ ಮನೆಗೆ ಬಂದವಳು ಬಾಗಿಲಿನ ಚೌಕಟ್ಟು ಹಿಡಿದು ನಿಂತಳು, ಕೂರಲಿಲ್ಲ. ಯಾರಿಗೂ ಹೇಳಬೇಡಿರೆಂದು ನನ್ನಿಂದ ಮಾತು ತೆಗೆದುಕೊಂಡಳು. ಮರುದಿನದಿಂದ ವಾರ್ಡಿನಲ್ಲಿ ಕಸಬರಿಗೆಯನ್ನು ಕೈಬಿಡಲಿಲ್ಲ. ಬಗ್ಗಿ ನಡೆಯುವುದು ನೋಡುವವರಿಗೆ ಕಸ ಗುಡಿಸಿದಂತೆ ಕಾಣಲಿ ಎಂದು.

"ನಾನು ಬಂದು ಎತ್ತಿಕೊಡ್ಲೇನು?" ಅಂದೆ.

"ನೀವು ಒಳಗ ಕಾಲಿಟ್ರ ಹನ್ನೆರಡು ಮಂದಿ ಒಮ್ಮೆಲೆ ಸೆರಗು ಎಳ್ಕಂಡು ಎದ್ದು ಕುಂದರ್ತಾರ. ಅರ್ಧ ಮಂದಿಗೆ ಅಲ್ಲೇ ಜಡ್ಡು ಬಿಡತೈತಿ. ಬರ್ರಿ ಹಂಗಾದ್ರ," ಅಂದಳು.

ನಗೆಯ ಮಾತಾದರೂ ನಿಜ. ಹೆಂಗಸರ ವಾರ್ಡಿನ ಪರದೆ ದಾಟಿ ಡಾಕ್ಟರನ್ನು ಬಿಟ್ಟು ಯಾವ ಗಂಡಸೂ ಹೋಗುವಂತಿರಲಿಲ್ಲ. ಅವಳ ಭಾರವನ್ನು ನಾನು ಹಂಚಿಕೊಳ್ಳಲು ದಾರಿಯೇ ಇರಲಿಲ್ಲ.

ಅದೇ ದಿನಗಳಲ್ಲಿ ಕಮಲಾಪುರದ ಹೆಣ್ಣುಮಗಳೊಬ್ಬಳು ಬಂದಳು. ಬೆಲ್ಲದ ಗಾಣದಲ್ಲಿ ಕುದಿಯುವ ಕಬ್ಬಿನ ಹಾಲು ಚೆಲ್ಲಿ ಬೆನ್ನು ಸುಟ್ಟಿತ್ತು. ಬಟ್ಟೆ ಗಾಯಕ್ಕೆ ಅಂಟುತ್ತದೆಂದು ಬಾಳೆ ಎಲೆಯ ಮೇಲೆ ಮಲಗಿಸಿದ್ದರು. ಎಲೆ ಬದಲಿಸುವಾಗ ಹಳೆಯದರ ಮೇಲೆ ಹೊಸದು ಬೋರಲಾಗಿ ಬಿದ್ದು, ನುಣುಪಿನ ಮುಖಗಳೆರಡೂ ಒಂದಕ್ಕೊಂದು ತಾಗಿದವು. ನನ್ನ ಹೆಂಡತಿ ಮೇಲಿನ ಎಲೆಯ ಅಂಚನ್ನು ಸುಮ್ಮನೆ ಸರಿಪಡಿಸಲು ಎಳೆದಳು. ಇಡೀ ಮನುಷ್ಯಳು ಒಂದು ಗೇಣು ಸರಿದು ಬಂದಳು. ಅವಳು ಮೊಣಕಾಲು ಅಡ್ಡ ಕೊಟ್ಟು ತಡೆಯದಿದ್ದರೆ ಆಕೆ ಕೆಳಗೇ ಬೀಳುತ್ತಿದ್ದಳು.

ಬೇರೆ ಯಾರಾದರೂ ಆಗಿದ್ದರೆ ದೇವರು ಕಾಪಾಡಿದ ಎಂದು ಮರೆಯುತ್ತಿದ್ದರು. ಅವಳು ಅಂದು ಊಟಕ್ಕೆ ಕೂತಾಗಲೂ ಅದನ್ನೇ ಯೋಚಿಸುತ್ತಿದ್ದಳು. ಮರುದಿನ ಬಜಾರಿನಲ್ಲಿ ಕಮಲಾಪುರದ ಎಲೆ ಮಾರುವವಳಿಂದ ಗಾಳಿಗೆ ಸೀಳಿದ, ಊಟಕ್ಕೆ ಯಾರೂ ಕೊಳ್ಳದ ಎಲೆಗಳನ್ನು ತಂದಳು. ನಡುವಿನ ದಂಟು ಒತ್ತದಂತೆ ಹೆರೆದಳು. ಎರಡೆಲೆ ಮುಖಕ್ಕೆ ಮುಖ ಇಟ್ಟು ನಡುವೆ ಸಾಬೂನು ನೀರು ಚಿಮುಕಿಸಿ, ಮೇಲೆ ದುಪ್ಪಟಿ ಹಾಸಿದಳು. ನಮ್ಮ ಕೋಣೆಯ ನೆಲದ ಮೇಲೆ ನನ್ನನ್ನೇ ಮಲಗಿಸಿ ಗೋಡೆಯಿಂದ ಗೋಡೆಗೆ ಎಳೆದು ನೋಡಿದಳು. ತೋಳಿನಿಂದ ಎಳೆದಾಗ ಸೊಂಟ ಚುಚ್ಚಿತು. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ಇಡೀ ಮೈಯನ್ನು ಹಿಂದಕ್ಕೆ ಬಿಟ್ಟಾಗ ಚುಚ್ಚಲಿಲ್ಲ.

"ಕೈ ಎಳಿಯಬಾರ್ದು ನೋಡ್ರಿ. ಮೈ ಎಳೀಬೇಕು, ಕೈ ಬರೇ ಹಗ್ಗ," ಅಂದಳು.

ಇನ್ನೊಂದು ತೊಡಕಿತ್ತು. ಸರಿಸಬೇಕಾದರೆ ಎರಡೂ ಕಡೆ ಒಂದೇ ಮಟ್ಟ ಇರಬೇಕು. ವಾರ್ಡಿನ ಮಂಚಗಳು ಕುಳ್ಳು, ಡಾಕ್ಟರ ಮೇಜು ಎತ್ತರ. ನಾನು ಇಟ್ಟಿಗೆ ಹೊತ್ತು ತಂದು ಪರದೆಯ ಹೊರಗೆ ಇಟ್ಟೆ. ಅವಳು ಒನಕೆಯಿಂದ ಮಂಚದ ಕಾಲು ಮೀಟಿ, ಒಂದೊಂದೇ ಇಟ್ಟಿಗೆಯನ್ನು ತನ್ನ ಪಾದದಿಂದ ಅದರಡಿಗೆ ನೂಕಿದಳು. ಒಂದೇ ಒಂದು ಮಂಚವನ್ನು ಹಾಗೆ ಏರಿಸಿದಳು. ಒಳಗಿನ ಹೆಂಗಸರು ನಕ್ಕಿದ್ದು ನನಗೂ ಕೇಳಿಸಿತು. "ಯಾರವ್ವ ಮದಲಗಿತ್ತಿ, ಇಷ್ಟೆತ್ತರ ಕುಂದ್ರಸಾಕ?"

ಡಾಕ್ಟರು ಕೆಟ್ಟವರಲ್ಲ. ಆದರೆ ಆಯಾ ಏಳುವಾಗ ಮೊಣಕಾಲಿನ ಮೇಲೆ ಕೈಯೂರುವುದನ್ನು ಅವರ ಕಣ್ಣು ಹಿಡಿಯಿತು. ಪುಸ್ತಕ ನೋಡಿ ಕಲಿತ ಕನ್ನಡ ಅವರದು. ಶನಿವಾರ ನರ್ಸಮ್ಮನಿಗೆ ಹೇಳಿದರು: "ಸೋಮವಾರ ಕಂಪ್ಲಿಯ ಹೆಂಗಸು ಮೇಜಿಗೆ ಬರಬೇಕು. ಆಯಾ ಎತ್ತಲಿ, ನಾನು ನೋಡುತ್ತೇನೆ. ಆಗದಿದ್ದರೆ ಬೇರೆ ಆಯಾ ನೋಡೋಣ."

ಕಂಪ್ಲಿಯ ಹೆಂಗಸೆಂದರೆ ಅಕ್ಕಿ ಗಿರಣಿಯ ಮನೆಯ ಹಿರಿಯಮ್ಮ. ಅಂಗಳದಲ್ಲಿ ಜಾರಿ ತೊಡೆಯ ಎಲುಬು ಮುರಿದಿತ್ತು. ನಾಟಿ ವೈದ್ಯನ ಬಿದಿರು ದಬ್ಬೆ ಕಟ್ಟಿಸಿಕೊಂಡು ಚಕ್ಕಡಿಯಲ್ಲಿ ಬಂದಿದ್ದರು. ಭಾರದ ಮೈ. ಗೇಟಿನಲ್ಲಿ ಇಬ್ಬರು ಮಕ್ಕಳು ಕಂಕುಳಿಗೆ ಕೈಹಾಕಿ ಇಳಿಸಿದಾಗ ಆ ತಾಯಿ ಕೂಗಿದ ಕೂಗಿಗೆ ಬೀದಿಯ ಜನ ನಿಂತು ನೋಡಿದ್ದರು. ನನ್ನ ಹೆಂಡತಿ ಅವರನ್ನು ಇಟ್ಟಿಗೆಯ ಮಂಚಕ್ಕೆ ಹಾಕಿಸಿಕೊಂಡಿದ್ದಳು.

ಸೋಮವಾರ ಬೆಳಿಗ್ಗೆ ನಾನು ಪರದೆಯ ಹೊರಗೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಒಳಗೆ ಮೇಜನ್ನು ಮಂಚಕ್ಕೆ ತಾಗಿಸಿ ನೂಕಿದ ಸದ್ದಾಯಿತು. ಆಮೇಲೆ ಹಿರಿಯಮ್ಮನ ಜೊತೆಗೆ ಬಂದಿದ್ದ ನಾದಿನಿಯ ದನಿ ಏರಿತು.

"ಉಣ್ಣೋ ಎಲಿ ಕುಂಡಿ ಕೆಳಗ ಹಾಕ್ತೀಯೇನಬೇ? ನಿಮ್ಮ ಮನ್ಯಾಗ ಹಂಗ ಉಣ್ತೀರೇನು?"

"ಹರಿದ ಎಲಿ ರೀ ಅವ್ವ. ಇದರಾಗ ಯಾರೂ ಉಣ್ಣಂಗಿಲ್ಲ, ದನಕ್ಕ ಹಾಕೋದು," ಅಂದಳು ನನ್ನ ಹೆಂಡತಿ.

"ಅಂದ್ರ ನಮ್ಮ ಅತ್ತಿಗಿ ದನ ಅಂತೀಯೇನು? ತಗಿ ಅದನ್ನ. ಎತ್ತಾಕ ಪಗಾರ ತಗಂತಿ, ಎತ್ತು."

ಡಾಕ್ಟರು ಆಕೆಯನ್ನು ತಡೆಯಲಿಲ್ಲ. ಅವರು ನೋಡಬೇಕೆಂದದ್ದೂ ಅದನ್ನೇ. ಎಲೆ ತೆಗೆದರೆ ಅವಳು ಎತ್ತಲೇಬೇಕು, ಎತ್ತಿದರೆ ಅವಳ ಸೊಂಟ ಅಲ್ಲೇ ಮುಗಿಯುತ್ತಿತ್ತು. ಎತ್ತದಿದ್ದರೆ ಕೆಲಸ ಹೋಗುತ್ತಿತ್ತು, ಕೋಣೆಯೂ.

ಆಗ ಹಿರಿಯಮ್ಮನೇ ಬಾಯಿ ಬಿಟ್ಟರು. "ಸುಮ್ಕಿರವ್ವ ನೀನು. ಬೇಕಾದ್ರ ದನಾನ ಆಗ್ತೀನಿ. ಮೊನ್ನಿ ಮಕ್ಳು ಎತ್ತಿದ್ರಲ್ಲ, ಅಂಥದ್ದು ಇನ್ನೊಮ್ಮಿ ನನ್ನ ಕೈಲಿ ಆಗಂಗಿಲ್ಲ. ತಂಗಿ, ನೀ ಎಲಿ ಹಾಕವ್ವ."

ಮೈ ಕೆಳಗಿನ ದುಪ್ಪಟಿಯ ಅಡಿಗೆ ತೂರಿಸಿದ ಎಲೆ ಸರಪರ ಅಂದಿತು. ನನ್ನ ಹೆಂಡತಿ ಕೆಳದನಿಯಲ್ಲಿ ಹೇಳುತ್ತ ಹೋದಳು. "ಗದ್ದ ಎದಿಗೆ ಹಚ್ರಿ. ಕೊರಳಾಗಿನ ಲಿಂಗದ ಕರಡಿಗಿ ಮ್ಯಾಲ ಎರಡೂ ಕೈ ಇಟ್ಕೊಳ್ರಿ, ಒತ್ತಂಗಿಲ್ಲ. ಛಲೋ ಇರೋ ಕಾಲು ಮಡಚ್ರಿ. ನರ್ಸಮ್ಮಾರ, ನೀವು ಕಟ್ಟಿದ ಕಾಲು ನೋಡ್ಕೊಳ್ರಿ. ಅವ್ವಾರ, ನೀವು ಹೂಂ ಅನ್ರಿ. ನೀವು ಅನ್ನೂತನಕ ನಾ ಎಳಿಯಂಗಿಲ್ಲ."

ಆ ತಾಯಿ ಬೇಗ ಹೂಂ ಅನ್ನಲಿಲ್ಲ. ಎರಡು ಸಲ ಉಸಿರು ಎಳೆದುಕೊಂಡರು. ಯಾರೂ ಅವಸರ ಮಾಡಲಿಲ್ಲ. ಆಮೇಲೆ "ಹೂಂ" ಕೇಳಿಸಿತು. ನೆಲದ ಮೇಲೆ ಬಟ್ಟೆ ಎಳೆದಂಥ ಒಂದು ಸದ್ದು. ಕೂಗಿಗೆ ಕಾದು ನಾನು ಹಲ್ಲು ಕಚ್ಚಿದ್ದೆ. ಕೂಗು ಬರಲಿಲ್ಲ.

"ಆತೇನು?" ಹಿರಿಯಮ್ಮ ಕೇಳಿದರು.

"ಆತ್ರಿ."

"ನಾನು ಎತ್ತು ಎಂದಿದ್ದೆ," ಅಂದರು ಡಾಕ್ಟರು.

"ಮೇಜಿಗೆ ಬರಬೇಕು ಅಂದಿದ್ರಿ. ಬಂದಾರ." ಅವಳೇ ಮುಂದುವರಿಸಿದಳು: "ಎತ್ತಾಕ ನನ್ನ ಕೈಲಿ ಆಗಂಗಿಲ್ರಿ. ಸೊಂಟ ಹೋಗೇತಿ. ಮುಚ್ಚಿಟ್ಟಿದ್ದೆ, ತಪ್ಪಾತು."

ಅದನ್ನು ಅವಳು ಹೇಳುತ್ತಾಳೆಂದು ನಾನು ಎಣಿಸಿರಲಿಲ್ಲ. ಗೆದ್ದ ಮೇಲೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು. ಆಮೇಲೆ ಯಾಕೆ ಹೇಳಿದೆ ಎಂದು ಕೇಳಿದೆ. "ಎಲಿ ಸುದ್ದಿ ಖರೇ ಅಂತ ಅವರು ನಂಬಬೇಕಲ್ರಿ. ಶಕ್ತಿ ಇದ್ದಾಕಿ ಮಾಡಿದ್ಲು ಅಂದ್ಕಂಡ್ರ ಯಾರಿಗೆ ಉಪಯೋಗ?" ಅಂದಳು.

ಡಾಕ್ಟರು ಕಾಲಿಗೆ ಹಲಗೆ ಕಟ್ಟಿ ಮುಗಿಸಿದರು. ತಿರುಗಿ ಮಂಚಕ್ಕೆ ಹಾಕುವಾಗ, ದುಪ್ಪಟಿ ಇತ್ತ ಕೊಡು ಎಂದು ತಾವೇ ಹಿಡಿದರು.

"ಹಂಗಲ್ರಿ, ಕಾಲು ಜೋಡ್ಸಿ ನಿಂತ್ರ ನೀವ ಬೀಳ್ತೀರಿ. ಒಂದು ಹಿಂದ ಇಡ್ರಿ," ಅಂದಳು ಅವಳು, ನನಗೆ ಹೇಳುವ ದನಿಯಲ್ಲೇ.

ಡಾಕ್ಟರು ಕಾಲು ಹಿಂದೆ ಇಟ್ಟರೆಂದು ನರ್ಸಮ್ಮ ಆಮೇಲೆ ನಕ್ಕು ಹೇಳಿದರು. ಹಿರಿಯಮ್ಮ ಹೂಂ ಅಂದ ಮೇಲೆಯೇ ಎಳೆದರಂತೆ. ಡಾಕ್ಟರು ಹೊರಗೆ ಬಂದು ನನ್ನನ್ನು ನೋಡಿ, "ಇನ್ನಷ್ಟು ಇಟ್ಟಿಗೆ ತರಿಸು. ಎಲ್ಲ ಮಂಚಕ್ಕೂ," ಅಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು. "ನಾಳೆ ನಿನ್ನ ಹೆಂಡತಿ ಗಂಡಸರ ವಾರ್ಡಿಗೂ ಬರಲಿ. ನಿಮಗೆಲ್ಲ ಕಲಿಸಲಿ."

ಮರುದಿನ ಅವಳು ಸೆರಗು ಹೊದ್ದು ಎರಡೆಲೆ ಹಿಡಿದು ಬಂದಳು. ಸಂಡೂರಿನ ಗಾಡಿ ಹೊಡೆಯುವವನೊಬ್ಬ ಪಕ್ಕೆಲುಬು ಮುರಿದುಕೊಂಡು ಮಲಗಿದ್ದ. ನನ್ನನ್ನು ನೋಡಿ, "ಏನಪಾ, ಹೇಣ್ತಿ ಹೇಳಿದಂಗ ಕೇಳಾಂವ ನೀನು?" ಅಂದ.

"ಮನ್ಯಾಗ ಕೇಳಂಗಿಲ್ಲಣ್ಣ, ಅದಕ್ಕ ಇಲ್ಲಿಗೆ ಬಂದೀನಿ," ಅಂದಳು ಅವಳು. ಪಕ್ಕೆ ನೋಯುತ್ತಿದ್ದರೂ ಅವನು ನಕ್ಕ.

ನಾನು ದುಪ್ಪಟಿ ಹಿಡಿದು, ವರ್ಷಗಳಿಂದ ಮಾಡಿದಂತೆ, ಬೆನ್ನು ಬಗ್ಗಿಸಿದೆ. ನಾಲ್ಕು ಜನರ ಎದುರು ಅವಳು ಒಮ್ಮೆಯೂ ನನ್ನ ಮೈ ಮುಟ್ಟಿದವಳಲ್ಲ. ಅಂದು ನೆಟ್ಟಗೆ ಬಂದು ನನ್ನ ಬೆನ್ನಿನ ನಡುವೆ ಅಂಗೈ ಇಟ್ಟಳು. "ಇದನ್ನ ಬಗ್ಗಿಸಬ್ಯಾಡ್ರಿ. ಮೊಣಕಾಲು ಬಗ್ಗಿಸ್ರಿ. ನನಗಾದದ್ದು ನಿಮಗ ಆಗಬಾರ್ದು." ವಾರ್ಡಿನಲ್ಲಿ ಯಾರೂ ನಗಲಿಲ್ಲ. ನಾನು ಮೊಣಕಾಲು ಬಗ್ಗಿಸಿದೆ. ಬೆನ್ನು ನೇರವಾಗುವವರೆಗೂ ಅವಳು ಕೈ ತೆಗೆಯಲಿಲ್ಲ.