ಕಾಂತಿ ಖಾಯಂ ಆದದ್ದು

ಬೆಳುವಾಯಿಯ ಕಾಂತಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ ಒಂದು ಕಾಗದ. ಮೇಲೆ ಆಸ್ಪತ್ರೆಯ ಹೆಸರು, ಕೆಳಗೆ ಅಧ್ಯಕ್ಷರ ಸಹಿ, ನಡುವೆ ‘ನಿಮ್ಮನ್ನು ಖಾಯಂಗೊಳಿಸಲಾಗಿದೆ’ ಎಂಬ ಎರಡು ಶಬ್ದ. ಅದಕ್ಕಾಗಿ ಆರು ವರ್ಷ ಕಾದಳು. ಕೊನೆಗೆ ಸಿಕ್ಕಿತು ಕೂಡ. ಹೇಗೆ ಸಿಕ್ಕಿತು ಎಂದು ಹೇಳುತ್ತೇನೆ. ಓದಿದ ಮೇಲೆ ಯಾರಿಗಾದರೂ ಊಟ ಸೇರದಿದ್ದರೆ ಒಳ್ಳೆಯದೇ ಆಯಿತು.

2001ರಲ್ಲಿ ಬೆಳ್ತಂಗಡಿಯ ಒಂದು ಖಾಸಗಿ ಆಸ್ಪತ್ರೆಗೆ ಟೈಪ್ ಮಾಡಲು ಸೇರಿದವಳು ಆಕೆ. ಪಿಯುಸಿ, ಆಮೇಲೆ ಮೂಡುಬಿದಿರೆಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸು, ವಿದ್ಯೆ ಅಷ್ಟೇ. ಎರಡು ವರ್ಷದ ಮೇಲೆ ಆಸ್ಪತ್ರೆಯವರು ರೋಗಿಗಳ ದಾಖಲೆಯನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ಹಳೆಯ ಕಡತಗಳನ್ನು ಪಾಣೆಮಂಗಳೂರಿನ ಗುಜರಿಯವನ ಟೆಂಪೋದಲ್ಲಿ ತುಂಬಿ ಕಳಿಸಿದರು. ಕಂಪನಿಯ ಹುಡುಗರು ಬಂದು ಎರಡು ಸರ್ವರ್ ಕೂರಿಸಿದರು. ಒಂದು ದುಡಿಯುತ್ತಿರುವಾಗ ಇನ್ನೊಂದು ಪಕ್ಕದಲ್ಲೇ ಎಚ್ಚರವಾಗಿ ಕಾಯುತ್ತಿರುತ್ತದೆ. ದುಡಿಯುವುದು ಬಿದ್ದರೆ ಕಾಯುವುದು ಕೂಡಲೇ ಹೊರೆ ಎತ್ತಿಕೊಳ್ಳುತ್ತದೆ. ಡಾಕ್ಟರಿಗೂ ಗೊತ್ತಾಗುವುದಿಲ್ಲ, ರೋಗಿಗೂ ಗೊತ್ತಾಗುವುದಿಲ್ಲ. ಆ ಹುಡುಗರು ಇದ್ದದ್ದು ನಾಲ್ಕು ದಿನ. ನಾಲ್ಕು ದಿನವೂ ಕಾಂತಿ ಅವರ ಬೆನ್ನ ಹಿಂದೆ ನಿಂತು ನೋಡಿದಳು, ಕೇಳಿದಳು, ಬೈಸಿಕೊಂಡಳು, ಮತ್ತೂ ಕೇಳಿದಳು. ಅವರು ಹೋದ ಮೇಲೆ ಸರ್ವರ್ ಕೋಣೆಯ ಬೀಗದ ಕೈ ಅವಳಲ್ಲಿ ಉಳಿಯಿತು. ಸಂಬಳ ಟೈಪಿಸ್ಟಿನದ್ದೇ, ಹುದ್ದೆ ತಾತ್ಕಾಲಿಕ. ‘ಮುಂದಿನ ವರ್ಷ ನೋಡುವ’ ಎಂದು ಅಧ್ಯಕ್ಷ ಚಿನ್ನಯ್ಯನವರು ಪ್ರತಿ ವರ್ಷವೂ ಹೇಳುತ್ತಿದ್ದರು. ಮುಂಬಯಿಯಲ್ಲಿ ಮೂರು ಹೋಟೆಲು ನಡೆಸಿದ ಮನುಷ್ಯ. ಕಾಯಿಸುವುದು ಹೇಗೆಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಸರ್ವರ್ ಯಂತ್ರಕ್ಕೂ ಆಗಾಗ ಮದ್ದು ಬೇಕು. ಒಳಗಿನ ಹಳೆಯ ತಪ್ಪು ತಿದ್ದುವ, ವೈರಸ್ ನುಗ್ಗುವ ಬಿರುಕು ಮುಚ್ಚುವ ತಿದ್ದುಪಡಿಯನ್ನು ಕಂಪನಿಯವರು ಸಿ.ಡಿ.ಯಲ್ಲಿ ಕಳಿಸುತ್ತಿದ್ದರು. ಅದಕ್ಕೆ ಪ್ಯಾಚ್ ಎನ್ನುತ್ತಾರೆ. ಹಾಕಿದ ಮೇಲೆ ಸರ್ವರನ್ನು ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ಏಳದಿದ್ದರೆ? ಆ ಭಯಕ್ಕೆ ಚಿನ್ನಯ್ಯನವರು ಒಂದು ಆಜ್ಞೆ ಹೊರಡಿಸಿದ್ದರು: ಪ್ಯಾಚ್ ಕೆಲಸವೆಲ್ಲ ಬಂದ್ ದಿನವೇ ಆಗಬೇಕು. ಬಂದ್ ದಿನ ಬಸ್ಸಿಲ್ಲ, ಹೊರರೋಗಿಗಳಿಲ್ಲ, ಕೌಂಟರ್ ಖಾಲಿ. ನಮ್ಮ ತಾಲೂಕುಗಳಲ್ಲಿ ಬಂದಿಗೇನು ಬರಗಾಲ? ಒಬ್ಬನ ಮೂಗಿಗೆ ಗಾಯವಾದರೆ ಮರುದಿನ ಮೂವತ್ತು ಮೈಲಿ ಶಟರ್ ಎಳೆಯುವವರು ನಾವು. ರಸ್ತೆಯಲ್ಲಿ ಟಯರ್ ಉರಿಯುವ ದಿನವನ್ನು ಆಸ್ಪತ್ರೆಯೊಂದು ಬಿಡುವಿನ ದಿನವೆಂದು ಲೆಕ್ಕ ಹಾಕಿತು. ಆ ದಿನ ತಲೆ ಒಡೆದುಕೊಂಡು ಬರುವವರು ಅವರ ಲೆಕ್ಕಕ್ಕೇ ಬರಲಿಲ್ಲ.

ಬಂದಿನ ಬೆಳಿಗ್ಗೆ ಆಂಬುಲೆನ್ಸು ಬೆಳುವಾಯಿಗೆ ಬಂದು ಕಾಂತಿಯನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಕಲ್ಲು ಹಿಡಿದು ನಿಂತವರು ದಾರಿ ಬಿಡುತ್ತಿದ್ದದ್ದು ಅದಕ್ಕೊಂದಕ್ಕೇ. ಆಸ್ಪತ್ರೆಯ ಬಾಗಿಲಲ್ಲಿ ಆಯಾ ಸೇಸಮ್ಮ ಕಾದಿರುತ್ತಿದ್ದಳು.

“ಬಂದಳು ನೋಡಿ ಮದುಮಗಳು, ಲೈಟ್ ಹಾಕಿದ ಗಾಡಿಯಲ್ಲಿ! ಊರಿಗೆಲ್ಲ ಸೂತಕ, ನಿನಗೊಬ್ಬಳಿಗೆ ಹಬ್ಬ ಮಾರಾಯ್ತಿ.”

“ಸುಮ್ಮನೆ ಕೂತುಕೊಳ್ಳಿ ಸೇಸಮ್ಮ. ಚಾ ಉಂಟಾ?”

“ಚಾ ಉಂಟು, ಹಾಲಿಲ್ಲ. ಹಾಲಿನವನೂ ಬಂದ್.”

ಕಾಂತಿಯ ಕ್ರಮ ಹೀಗೆ. ಮೊದಲು ಎಲ್ಲದರ ನಕಲು ತೆಗೆದಿಡುವುದು. ದುಡಿಯುತ್ತಿರುವ ಸರ್ವರನ್ನು ಮುಟ್ಟದೆ, ಕಾಯುತ್ತಿರುವುದಕ್ಕೆ ಮಾತ್ರ ಪ್ಯಾಚ್ ಹಾಕುವುದು. ಅದು ಸರಿಯಾಗಿ ಎದ್ದಿತೆಂದು ಖಾತ್ರಿಯಾದ ಮೇಲೆ ಹೊರೆಯನ್ನು ಅದಕ್ಕೆ ದಾಟಿಸಿ, ತುರ್ತು ವಿಭಾಗಕ್ಕೆ, ಲ್ಯಾಬಿಗೆ, ಔಷಧಿ ಕೌಂಟರಿಗೆ ತಾನೇ ಓಡಿಹೋಗಿ ಒಂದೊಂದು ಹೆಸರು ತೆಗೆದು ನೋಡುವುದು. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ಎರಡನೆಯದಕ್ಕೆ ಮುಂದಿನ ಬಂದಿನವರೆಗೆ ಕೈ ಹಚ್ಚುತ್ತಿರಲಿಲ್ಲ. ಒಂದು ಬಂದಿಗೆ ಒಂದೇ ಸರ್ವರ್. ಹೊಸ ಮದ್ದು ಒಗ್ಗದಿದ್ದರೆ ಓಡಿಬಂದು ಆತುಕೊಳ್ಳಲು ಹಳೆಯದೊಂದು ಇರಬೇಕಲ್ಲ? ನಾಲ್ಕು ವರ್ಷದಲ್ಲಿ ದಾಖಲೆ ಒಂದು ನಿಮಿಷವೂ ನಿಲ್ಲಲಿಲ್ಲ.

ಅದೇ ಅವಳಿಗೆ ಮುಳುವಾಯಿತು. ಒಮ್ಮೆ ಧೈರ್ಯ ಮಾಡಿ ಅಧ್ಯಕ್ಷರ ಕೋಣೆಗೆ ಹೋಗಿ ಖಾಯಂ ಮಾಡಿ ಎಂದು ಕೇಳಿದಳು.

“ಏನಾದ್ರೂ ನಿಂತದ್ದುಂಟಾ ಇಷ್ಟರವರೆಗೆ?” ಎಂದರು ಚಿನ್ನಯ್ಯ.

“ಇಲ್ಲ ಸರ್, ಒಮ್ಮೆಯೂ ಇಲ್ಲ.”

“ಮತ್ತೆ ನೀನು ಮಾಡಿದ್ದೆಂತ? ನಿಲ್ಲದ್ದನ್ನು ನಡೆಸಿದೆ ಅಂತ ಬರೆದು ಮೀಟಿಂಗಿನಲ್ಲಿ ಇಡ್ಲಿಕ್ಕೆ ಆಗ್ತದಾ?”

ಕೋಣೆಯಲ್ಲಿದ್ದ ನಾಲ್ವರೂ ನಕ್ಕರು. ಕಾಂತಿಯೂ ನಕ್ಕಳಂತೆ.

ಅಷ್ಟರಲ್ಲಿ ಜಿತೇಶ್ ಬಂದ. ಚಿನ್ನಯ್ಯನವರ ಅಕ್ಕನ ಮಗ, ಎಂಜಿನಿಯರಿಂಗ್ ಓದಿದವನು. ಹೆತ್ತ ಮಕ್ಕಳಿಗಿಂತ ಅಕ್ಕತಂಗಿಯರ ಮಕ್ಕಳಾದ ಅಳಿಯಂದಿರಿಗೆ ಬೆಲೆ ಹೆಚ್ಚಿರುವ ನಮ್ಮ ಕಡೆ ಇದಕ್ಕಿಂತ ದೊಡ್ಡ ಅರ್ಹತೆ ಬೇಕಿಲ್ಲ. ಬಂದ ದಿನವೇ ಅವನು ಖಾಯಂ ಆದ, ಕಂಪ್ಯೂಟರ್ ವಿಭಾಗದ ಮುಖ್ಯಸ್ಥನೂ ಆದ.

2007ರ ಫೆಬ್ರವರಿಯಲ್ಲೊಂದು ಬಂದ್. ಯಾರು ಕರೆದದ್ದು, ಯಾಕೆ ಎಂದು ಈಗ ಕೇಳಿದರೆ ಕರೆದವರಿಗೂ ನೆನಪಿರಲಿಕ್ಕಿಲ್ಲ. ಬೆಳಿಗ್ಗೆ ಹತ್ತೂವರೆಗೆ ಜಿತೇಶ್ ಹೊಸ ಸಿ.ಡಿ. ಹಿಡಿದು ಸರ್ವರ್ ಕೋಣೆಗೆ ಬಂದ.

“ಎರಡಕ್ಕೂ ಒಟ್ಟಿಗೇ ಹಾಕುವ ಕಾಂತಿ. ಮಧ್ಯಾಹ್ನದೊಳಗೆ ಮುಗಿಸಿ ಮನೆಗೆ ಹೋಗುವ.”

“ಬೇಡ ಸರ್. ಒಂದಕ್ಕೆ ಹಾಕುವ, ನೋಡುವ. ಇನ್ನೊಂದು ಮುಂದಿನ ಬಂದಿಗೆ.”

“ಮುಂದಿನ ಬಂದಿಗೆ ಕರೆ ಕೊಡುದು ಯಾರು, ನೀನಾ? ಹೇಳು, ಪೇಪರಿನಲ್ಲಿ ಹಾಕಿಸುವ, ಬೆಳುವಾಯಿ ಕಾಂತಿಯಿಂದ ತಾಲೂಕು ಬಂದಿಗೆ ಕರೆ ಅಂತ.”

“ತಮಾಷೆ ಅಲ್ಲ ಸರ್. ಎರಡೂ ಒಟ್ಟಿಗೆ ಬಿದ್ರೆ ಹಿಡೀಲಿಕ್ಕೆ ಎಂತದೂ ಇರುದಿಲ್ಲ.”

ಅವನು ಮಾವನಿಗೆ ಫೋನು ಮಾಡಿ ಅವಳ ಕೈಗೆ ಕೊಟ್ಟ. ಆ ಕಡೆಯಿಂದ ಚಿನ್ನಯ್ಯ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಕಾಂತಿ ಇನ್ನೂ ಎರಡು ಮಾತು ಆಡುತ್ತಿದ್ದಳೋ ಏನೋ.

“ಏಪ್ರಿಲ್ ಮೀಟಿಂಗಿಗೆ ನಿನ್ನ ಖಾಯಂ ವಿಷಯ ಇಟ್ಟಿದ್ದೇನೆ ಮಗಾ. ಈ ಸಲ ಆಗ್ತದೆ. ಹುಡುಗನೊಟ್ಟಿಗೆ ಹಟ ಬೇಡ, ಆಯ್ತಾ?”

ಕಾಂತಿ ಕುರ್ಚಿ ಬಿಟ್ಟು ಎದ್ದಳು. ಜಿತೇಶ್ ಕೂತ. ಹನ್ನೊಂದೂವರೆಗೆ ಎರಡೂ ಸರ್ವರುಗಳನ್ನು ನಿಲ್ಲಿಸಿ ಎಬ್ಬಿಸಲು ನೋಡಿದ. ಎರಡೂ ಏಳಲಿಲ್ಲ. ದಾಖಲೆಗಳಿದ್ದ ಡಿಸ್ಕು ಎರಡಕ್ಕೂ ಒಂದೇ. ಹೊಸ ಪ್ಯಾಚ್ ಬಿದ್ದ ಮೇಲೆ ಅದರ ಗುರುತು ಎರಡಕ್ಕೂ ಸಿಗಲಿಲ್ಲ.

ಸರಿಯಾಗಿ ಹನ್ನೆರಡಕ್ಕೆ ಕಕ್ಕಿಂಜೆಯ ಅಬ್ದುಲ್ ಸಮದ್‌ನನ್ನು ತುರ್ತು ವಿಭಾಗಕ್ಕೆ ತಂದರು. ಗೂಡ್ಸ್ ರಿಕ್ಷಾದ ಡ್ರೈವರು. ಚಾರ್ಮಾಡಿ ರಸ್ತೆಯಲ್ಲಿ ಹಾಲಿನ ಕ್ಯಾನು ಹೇರಿಕೊಂಡು ಬರುತ್ತಿದ್ದವನ ತಲೆಗೆ ಯಾರೋ ಕಲ್ಲು ಹೊಡೆದಿದ್ದರು. ಪ್ರಜ್ಞೆ ಇರಲಿಲ್ಲ, ಜೊತೆಗೆ ಮನೆಯವರೂ ಇರಲಿಲ್ಲ. ಎರಡು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಪೆನಿಸಿಲಿನ್ ಚುಚ್ಚಿದಾಗ ಅವನು ಸಾಯುವ ಹಾಗೆ ಆಗಿ ಬದುಕಿದ್ದ. ಅಂದಿನ ಡಾಕ್ಟರು ಅದನ್ನು ದಾಖಲೆಯಲ್ಲಿ ಕೆಂಪಕ್ಷರದಲ್ಲಿ ಬರೆಸಿದ್ದರು. ಒಂದು ಚೀಟಿ ಬರೆದುಕೊಡಿ, ಇವರ ಕಿಸೆಯಲ್ಲಿ ಇಡುತ್ತೇನೆ ಎಂದು ಹೆಂಡತಿ ಬೀಫಾತಿಮಾ ಕೇಳಿದ್ದಳು. “ಚೀಟಿ ಎಂತಕಮ್ಮ, ಎಲ್ಲ ಕಂಪ್ಯೂಟರಿನಲ್ಲಿ ಉಂಟು” ಎಂದು ಕೌಂಟರಿನವರು ಕಳಿಸಿದ್ದರು.

ನರ್ಸು ಅವನ ಲೈಸೆನ್ಸು ಹಿಡಿದುಕೊಂಡು ಸರ್ವರ್ ಕೋಣೆಗೆ ಓಡಿಬಂದಳು.

“ಒಂದು ಹೆಸರು ನೋಡ್ಲಿಕ್ಕುಂಟು. ಇಂಜೆಕ್ಷನ್ ಕೊಡ್ಬೇಕು. ಎಷ್ಟು ಹೊತ್ತು ಆಗ್ತದೆ?”

“ಐದು ನಿಮಿಷ,” ಎಂದ ಜಿತೇಶ್, ತಲೆ ಎತ್ತದೆ.

ಐದು ನಿಮಿಷವಲ್ಲ, ಐದು ಗಂಟೆಗೂ ಖಾತ್ರಿಯಿಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಒಬ್ಬಳಿಗೆ. ‘ಇದನ್ನು ಕಾಯಬೇಡಿ, ಮನೆಯವರನ್ನು ಹುಡುಕಿ ಕೇಳಿ’ ಎಂಬ ಒಂದು ಮಾತು ಸಾಕಿತ್ತು. ಹೇಳಿದರೆ ಅಧ್ಯಕ್ಷರ ಅಳಿಯನನ್ನು ನರ್ಸಿನ ಎದುರು ಸುಳ್ಳುಗಾರ ಮಾಡಿದಂತೆ. ಏಪ್ರಿಲಿಗೆ ಎರಡೇ ತಿಂಗಳು. ಕಾಂತಿ ಗೋಡೆ ನೋಡಿದಳು.

ಡಾಕ್ಟರು ಐದು ನಿಮಿಷ ಕಾದರು, ಹತ್ತು ನಿಮಿಷ ಕಾದರು. ತಲೆ ಒಡೆದವರು ಇನ್ನೂ ನಾಲ್ಕು ಮಂದಿ ಬೆಂಚಿನ ಮೇಲಿದ್ದರು. ಪರೀಕ್ಷೆಗೆಂದು ಹನಿ ಮದ್ದು ಚುಚ್ಚಿ ನೋಡುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ಪೆನಿಸಿಲಿನ್ನಿನ ಪೂರ್ತಿ ಇಂಜೆಕ್ಷನ್ ಕೊಟ್ಟರು. ಒಂದೂಕಾಲಕ್ಕೆ ಸಮದ್ ಸತ್ತ. ಕಲ್ಲೇಟಿನಿಂದಲ್ಲ, ಮದ್ದಿನಿಂದ.

ಮೂರು ಗಂಟೆಗೆ, ಕಂಪನಿಯವರು ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಪ್ಯಾಚ್ ಕಿತ್ತು ತೆಗೆದ ಮೇಲೆ ಸರ್ವರ್ ಎದ್ದಿತು. ನರ್ಸು ಟೈಪ್ ಮಾಡಿಟ್ಟಿದ್ದ ಹೆಸರು ತುರ್ತು ವಿಭಾಗದ ಪರದೆಯಲ್ಲಿ ತೆರೆದುಕೊಂಡಿತು, ಕೆಂಪಕ್ಷರ ಸಮೇತ. ಮಂಚ ಅಷ್ಟು ಹೊತ್ತಿಗೆ ಖಾಲಿಯಾಗಿತ್ತು.

ಸಮದ್‌ನ ಕಡೆಯವರು ಪೊಲೀಸರಲ್ಲಿಗೆ ಹೋದರು. ಆಸ್ಪತ್ರೆಗೆ ಒಂದು ಹೆಸರು ಬೇಕಾಯಿತು. ವಾರದೊಳಗೆ ಚಿನ್ನಯ್ಯ ಕಾಂತಿಯನ್ನು ಕರೆಸಿ ಮೇಜಿನ ಮೇಲೆ ಎರಡು ಕಾಗದ ಹರಡಿದರು.

“ಒಂದಕ್ಕೆ ನೀನು ಸಹಿ ಹಾಕುದು, ಒಂದಕ್ಕೆ ನಾನು.”

ಅವಳು ಹಾಕಬೇಕಾದದ್ದರಲ್ಲಿ, ಎರಡೂ ಸರ್ವರುಗಳಿಗೆ ಯಾರನ್ನೂ ಕೇಳದೆ ತಾನೇ ಪ್ಯಾಚ್ ಹಾಕಿದೆನೆಂದು ಬರೆದಿತ್ತು. ಇನ್ನೊಂದು, ಅವಳು ಆರು ವರ್ಷದಿಂದ ಕಾದ ಆ ಕಾಗದ.

“ಹಾಕಿದ್ದು ಜಿತೇಶ್ ಸರ್ ಅಲ್ವಾ?”

“ಅವನಿಗೆ ಹೆಣ್ಣು ನೋಡಿ ಆಗಿದೆ. ಹೆಸರು ಹಾಳಾಗಬಾರದು. ನಿನಗೆ ಹಾಳಾಗ್ಲಿಕ್ಕೆ ಎಂತ ಉಂಟು ಹೇಳು?” ದನಿಯಲ್ಲಿ ಕೆಡುಕಿರಲಿಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ ಹಾಗಿತ್ತು. “ಪೊಲೀಸಿನದ್ದು ನಾವು ನೋಡಿಕೊಳ್ತೇವೆ. ಕಂಪ್ಯೂಟರ್ ನಿಂತದ್ದಕ್ಕೆ ಯಾರನ್ನೂ ಜೈಲಿಗೆ ಹಾಕುದಿಲ್ಲ. ಏಪ್ರಿಲಿನಿಂದ ಒಂದು ವರ್ಷ ಪರೀಕ್ಷಾ ಅವಧಿ, ಬಾಯಿ ಮುಚ್ಚಿ ಕಳೆ. ಆಮೇಲೆ ನಿನ್ನನ್ನು ಅಲ್ಲಾಡಿಸುವವರಿಲ್ಲ.”

ಕಾಂತಿ ಸಹಿ ಹಾಕಿದಳು. ಪಾಪದ ಹುಡುಗಿ, ಬೇರೆ ದಾರಿಯಿರಲಿಲ್ಲ ಎನ್ನುವವರು ಎನ್ನಲಿ. ನನಗೆ ಅವಳ ಮೇಲೂ ಸಿಟ್ಟಿದೆ. ಯಂತ್ರ ಬಿದ್ದರೆ ಇನ್ನೊಂದು ಯಂತ್ರವಿರಬೇಕು ಎಂದು ನಾಲ್ಕು ವರ್ಷ ಕಾವಲು ಕೂತವಳಿಗೆ, ಸಮದ್ ಬಿದ್ದರೆ ಆ ಮನೆಗೆ ಇನ್ನೊಬ್ಬ ಸಮದ್ ಇಲ್ಲ ಎಂಬುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ ಹಾಕಿದಳು.

ಜುಲೈಯಲ್ಲಿ ಆಸ್ಪತ್ರೆಯ ವಾರ್ಷಿಕೋತ್ಸವ. ನಮ್ಮಲ್ಲಿ ಶಾಲು ಹೊದಿಸದೆ ಯಾವ ಸಭೆ ಮುಗಿದದ್ದುಂಟು? ‘ಬಂದ್ ದಿನ ಸಂಪೂರ್ಣ ಕುಸಿದಿದ್ದ ಕಂಪ್ಯೂಟರ್ ವ್ಯವಸ್ಥೆಯನ್ನು ಮೂರೂವರೆ ಗಂಟೆಯಲ್ಲಿ ಪುನರುಜ್ಜೀವನಗೊಳಿಸಿದ’ ಜಿತೇಶನಿಗೆ ಸನ್ಮಾನ. ಶಾಲು, ಹಾರ, ಹಣ್ಣು ಇಟ್ಟ ಹರಿವಾಣ ಹಿಡಿಯಲು ಸೀರೆಯುಟ್ಟ ಒಬ್ಬ ಹೆಣ್ಣು ಸಿಬ್ಬಂದಿ ಬೇಕು. ಅದನ್ನು ಹಿಡಿದು, ಕರೆಯುವುದನ್ನೇ ಕಾಯುತ್ತ ಸಭೆಯ ಹಿಂದುಗಡೆ ನಿಂತವಳು ಕಾಂತಿ.

“ಬೀಳಿಸಿದವನಿಗೆ ಶಾಲು, ಹಿಡಿದು ನಿಲ್ಲಿಸಿದವಳಿಗೆ ಹರಿವಾಣ,” ಎಂದಳು ಸೇಸಮ್ಮ, ಅವಳ ಕಿವಿಗೆ. “ನೀನೂ ಒಮ್ಮೆ ಬೀಳಿಸಬೇಕಿತ್ತು ಮಾರಾಯ್ತಿ. ಆಗ ನಿನ್ನದೂ ಒಂದು ಫೋಟೋ ಬರ್ತಿತ್ತು.”

ಆಗ ಸಭಾಂಗಣದ ಹಿಂದಿನ ಬಾಗಿಲಿಗೆ ಕರಿ ಬುರ್ಖಾದ ಹೆಂಗಸೊಬ್ಬಳು ಬಂದು ನಿಂತಳು. ಬೀಫಾತಿಮಾ. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಇದ್ದತ್ ಕೂತು, ಅದು ಮುಗಿದ ಮೇಲೆ ಮೊದಲ ಸಲ ಹೊರಗೆ ಹೊರಟದ್ದು ಇಲ್ಲಿಗೆ. ಪೊಲೀಸರು ತೋರಿಸಿದ ಕಾಗದದಲ್ಲಿದ್ದ ಹೆಸರನ್ನು ಸೇಸಮ್ಮನಲ್ಲಿ ಕೇಳಿದಳು. ಸೇಸಮ್ಮ ಕೈ ತೋರಿಸಿದಳು.

“ನೀವಾ ಕಾಂತಿ?”

“ಹೌದು.”

“ಕಂಪ್ಯೂಟರ್ ನಿಲ್ಲಿಸಿದ್ದು ನೀವಾ?”

ವೇದಿಕೆಯ ಮೇಲಿಂದ ಚಿನ್ನಯ್ಯ ಇವರ ಕಡೆಗೇ ನೋಡುತ್ತಿದ್ದರು. ಮೈಕಿನವನು ಜಿತೇಶನ ಗುಣಗಾನ ಮುಗಿಸುವುದರಲ್ಲಿದ್ದ.

“ಹೇಳು ಮಾರಾಯ್ತಿ,” ಸೇಸಮ್ಮನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. “ಇದ್ದದ್ದು ಹೇಳು.”

ಪರೀಕ್ಷಾ ಅವಧಿ ಮುಗಿಯಲು ಇನ್ನೂ ಒಂಬತ್ತು ತಿಂಗಳಿತ್ತು.

“ನಾನೇ,” ಎಂದಳು ಕಾಂತಿ.

ಬೀಫಾತಿಮಾ ಬೈಯಲಿಲ್ಲ, ಅಳಲಿಲ್ಲ. ಹತ್ತಿರ ಬಂದು, ಬ್ಯಾಗಿನಿಂದ ಕನ್ನಡಕ ತೆಗೆದು ಹಾಕಿಕೊಂಡಳು.

“ಬೇರೆ ಎಂತದೂ ಬೇಡ ಅಕ್ಕ. ದಿನಾ ಐದು ಸಲ ನಮಾಜಿನ ಮೇಲೆ ಶಾಪ ಹಾಕ್ತೇನೆ. ಮುಖ ಗೊತ್ತಿಲ್ಲದೆ ಹಾಕಿದ್ರೆ ಏನೂ ಮಾಡದವರಿಗೆ ತಾಗಿಬಿಟ್ರೆ? ಅದಕ್ಕೆ ಒಮ್ಮೆ ನೋಡಿ ಹೋಗುವ ಅಂತ ಬಂದದ್ದು.”

“ಕಾಂತಿ, ಹರಿವಾಣ!” ಎಂದು ಮೈಕಿನಲ್ಲಿ ಕರೆದರು. ಅವಳು ಸಭೆಯ ನಡುವಿನಿಂದ ಹೋಗಿ ವೇದಿಕೆಯ ಮೆಟ್ಟಿಲು ಹತ್ತಿದಳು. ಜಿತೇಶ್ ಶಾಲಿಗೆ ತಲೆ ಬಗ್ಗಿಸಿದ, ಸಭೆ ಚಪ್ಪಾಳೆ ತಟ್ಟಿತು. ಫೋಟೋದವನು ಎಲ್ಲರೂ ಇತ್ತ ನೋಡಿ ಎಂದ. ಹಿಂದಿನ ಬಾಗಿಲಲ್ಲಿ ಬೀಫಾತಿಮಾ ಕನ್ನಡಕ ತೆಗೆಯದೆ, ಅವಳ ಮುಖವನ್ನು ಮರೆತುಹೋಗದ ಹಾಗೆ ನೋಡುತ್ತಲೇ ನಿಂತಿದ್ದಳು.