ಅದು ಗ್ಯಾಸ್ ಆಗಿರಲಿಲ್ಲ

“ಇಲ್ಲಿ ಹೃದಯದ ಸ್ನಾಯು ಸರಿ ಅಲುಗಾಡ್ತಾ ಇಲ್ಲ ಅಕ್ಕ. ಹಿಂದೆ ಯಾವಾಗಾದ್ರೂ ಜೋರು ಎದೆನೋವು ಬಂದಿತ್ತಾ?” ಎಕೋ ಪರದೆಯತ್ತ ಬೆರಳು ಮಾಡಿ ಉಡುಪಿ ಕಡೆಯ ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ನನ್ನ ಗಂಡ ಉತ್ತರಿಸಿಬಿಟ್ಟರು: “ಇಲ್ಲ ಡಾಕ್ಟ್ರೇ, ಇವಳಿಗೆ ಬರೀ ಗ್ಯಾಸ್.”

ಮೈಯೆಲ್ಲ ಉರಿದುಹೋಯಿತು. ಕಳೆದ ಅಷ್ಟಮಿಗೆ ಗಲ್ಫಿನ ಖಾಲಿದಿಯಾ ಬಡಾವಣೆಯ ನಮ್ಮ ಫ್ಲ್ಯಾಟಿನ ತುಂಬ ಇವರ ಸ್ನೇಹಿತರು. ಹಬ್ಬದ ಮೂಡೆ ಇಡ್ಲಿ ಬೇಯಿಸುತ್ತಿದ್ದಾಗ ಎದೆ ಹಿಂಡಿದಂತಾಗಿ, ನೋವು ಎಡಗೈಗೂ ಇಳಿದು, ಬೆವತು ಅಡುಗೆಮನೆಯ ನೆಲದಲ್ಲೇ ಕುಳಿತುಬಿಟ್ಟಿದ್ದೆ. ಇವರು ಸೋಡಾ ಕೈಗಿಟ್ಟು, “ಗ್ಯಾಸ್ ಅದು. ಯಲ್ಲಾ, ನಡಿ ನಡಿ, ಬೇಗ ಬಡಿಸು” ಎಂದಿದ್ದರು. ಆಮೇಲೆ ಪಾರ್ಕಿಂಗಿನಿಂದ ಲಿಫ್ಟಿನವರೆಗೆ ನಡೆದು ಏದುಸಿರು ಬಂದರೂ ಅದೇ ಗ್ಯಾಸ್. ಒಂದು ಸೂಜಿಯನ್ನೂ ಚುಚ್ಚದೆ, ಎದೆಗೆ ತಣ್ಣನೆಯ ಜೆಲ್ ಹಚ್ಚಿ ನೋಡಿದ ಯಂತ್ರಕ್ಕೆ ಕೆಲವೇ ನಿಮಿಷದಲ್ಲಿ ಕಂಡದ್ದು, ಇಷ್ಟು ವರ್ಷ ಜೊತೆಗೆ ಬದುಕಿದ ಮನುಷ್ಯನಿಗೆ ಕಾಣಲಿಲ್ಲವೇ? ಮಲಗಿದಲ್ಲಿಂದಲೇ ಡಾಕ್ಟರಿಗೆ ನಾನೇ ಎಲ್ಲವನ್ನೂ ಹೇಳಿದೆ.

ಔಷಧಿ ಶುರುವಾಗಿದೆ. ಅಂದು ಮನೆಗೆ ಬರುವಾಗ ಇವರು ಕಾರಿನಲ್ಲೇ ಊರಿನ ತಂಗಿಗೆ ಫೋನ್ ಮಾಡಿ, “ನಮಗೆ ಗೊತ್ತೇ ಆಗ್ಲಿಲ್ಲ ಮಾರಾಯ್ತಿ” ಎಂದರು. ಆ ‘ನಮಗೆ’ಯನ್ನು ನಾನು ಇನ್ನೂ ಕ್ಷಮಿಸಿಲ್ಲ. ನನಗೆ ಗೊತ್ತಿತ್ತು. ಹೇಳಿಯೂ ಇದ್ದೆ.