ತಮ್ಮ ಕೊಟ್ಟ ರಕ್ತ

ದುರ್ಗವ್ವನ ಗಂಡ ಯಮನೂರನನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಟಿ. ದಾಸರಹಳ್ಳಿಯ ವಠಾರದಲ್ಲಿ ಅವರ ಬಾಗಿಲು, ನಮ್ಮ ಬಾಗಿಲು ಎದುರುಬದುರು. ಕೊಪ್ಪಳದ ಕಡೆಯವರು, ಗಂಡ ಹೆಂಡತಿ ಇಬ್ಬರೂ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ; ಯಮನೂರನ ತಾಯಿ, ತಮ್ಮ ಜೊತೆಗಿದ್ದಾರೆ.

ಮಗಳು ಭುವನೇಶ್ವರಿಗೆ ನಾಲ್ಕು ತುಂಬಿದರೂ ನಡಿಗೆ ಬರಲಿಲ್ಲ, ಮಾತು ಬರಲಿಲ್ಲ. ಅತ್ತೆ ಅದನ್ನು ದುರ್ಗವ್ವನ ತಲೆಗೆ ಕಟ್ಟಿದಳು. "ಗ್ರಹಣದಾಗ ಹೊರಗ ತಿರುಗ್ಯಾಳ. ಇಕೀ ಹೊಟ್ಟೀನ ಸರಿ ಇಲ್ಲ" ಎಂದು ನಲ್ಲಿಯ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ಹೇಳುವಳು. ಯಮನೂರ ಕೇಳಿಸಿಕೊಂಡೂ ಚಪ್ಪಲಿ ಮೆಟ್ಟಿ ಕೆಲಸಕ್ಕೆ ನಡೆಯುತ್ತಿದ್ದ.

ಮತ್ತೆ ಬಸುರಾದಾಗ ದುರ್ಗವ್ವ ಹೆದರಿ ಮಗಳನ್ನು ದೊಡ್ಡಾಸ್ಪತ್ರೆಗೆ ಒಯ್ದಳು. ಜೊತೆಗೆ ಹೋದವಳು ನಾನೇ. ಮಗುವಿನ ರಕ್ತ ಪರೀಕ್ಷಿಸಿ ಡಾಕ್ಟರ್ ನಿವೇದಿತಾ ಬಿಡಿಸಿ ಹೇಳಿದರು. ಒಂದು ವರ್ಣತಂತುವಿನ ತುಂಡು ಮುರಿದು ಇನ್ನೊಂದಕ್ಕೆ ಅಂಟಿದೆ, ಸ್ವಲ್ಪ ಭಾಗ ಕಳೆದೂ ಹೋಗಿದೆ. ಅದು ಮಗುವಿನಲ್ಲಿ ತಾನಾಗಿ ಆಗಿರಬಹುದು. ಇಲ್ಲವೇ ಅಪ್ಪ ಅಮ್ಮಂದಿರಲ್ಲಿ ಒಬ್ಬರ ತುಂಡುಗಳು ಅದಲುಬದಲಾಗಿದ್ದು, ಅವರಿಗೆ ಏನೂ ಆಗದೆ ಮಗುವನ್ನು ಕಾಡಿರಬಹುದು. ಹಾಗಿದ್ದರೆ ಹೊಟ್ಟೆಯಲ್ಲಿರುವ ಕೂಸಿಗೂ ಅಪಾಯ.

"ಇಬ್ಬರ ರಕ್ತಾನೂ ನೋಡ್ಬೇಕಮ್ಮ" ಎಂದರು.

ದುರ್ಗವ್ವ ಅಲ್ಲೇ ಕೈ ಚಾಚಿದಳು. ಯಮನೂರ ಆಮೇಲೆ ಹೋಗಿ ಕೊಟ್ಟು ಬಂದೆನೆಂದ. ಇಬ್ಬರದೂ ಸರಿಯಾಗಿದೆ, ಕೂಸಿಗೆ ಅಪಾಯ ತೀರಾ ಕಡಿಮೆ ಎಂದು ಉತ್ತರ ಬಂತು. ದುರ್ಗವ್ವ ಅತ್ತು, ನಕ್ಕು, ಗೋಧಿ ಬೆಲ್ಲದ ಮಾದಲಿ ಮಾಡಿ ನನ್ನನ್ನೂ ಊಟಕ್ಕೆ ಕರೆದಳು. ಬಡಿಸುತ್ತ ಗಂಡನನ್ನು ಹೊಗಳಿದ್ದೇ ತಡ, ಮೈದುನ ಮುದಕಪ್ಪ ನಕ್ಕುಬಿಟ್ಟ.

"ಸೂಜಿ ಚುಚ್ಚಿಸ್ಕೊಂಡಾಂವ ನಾನು ವೈನಿ. ಅಣ್ಣ ಕಳಿಸಿದ್ದ. ಒಂದ ತಾಯಿ ಮಕ್ಕಳು, ರಕ್ತ ಬ್ಯಾರೆ ಇರ್ತೈತೇನು?"

ಅಣ್ಣನ ಆಧಾರ್ ಕಾರ್ಡ್ ತೋರಿಸಿದ್ದನಂತೆ. ಆ ಫೋಟೋದಲ್ಲಿ ಯಾರು ಯಾರೆಂದು ಯಾರಿಗೆ ಗೊತ್ತಾಗಬೇಕು! ಮುದಕಪ್ಪನಿಗೆ ತಿಳಿಯದು, ಬಿಡಿ. ತನ್ನದೇ ರಕ್ತ ಬೇಕೆಂದು ಯಮನೂರನಿಗೆ ತಿಳಿದಿತ್ತು. ದೋಷ ತನ್ನಲ್ಲೇ ಸಿಕ್ಕೀತೆಂಬ ಪುಕ್ಕಲುತನ ಅವನದು. ಹೊಟ್ಟೆಯ ಕೂಸಿಗಿಂತ ಅವನಿಗೆ ಅವನ ಮೀಸೆ ದೊಡ್ಡದಾಯಿತು.

ಮರುದಿನ ನಾವಿಬ್ಬರೂ ಅವನನ್ನು ಆಸ್ಪತ್ರೆಗೆ ಎಳೆದುಕೊಂಡೇ ಹೋದೆವು. ತುಂಡುಗಳು ಅದಲುಬದಲಾಗಿದ್ದು ಅವನಲ್ಲೇ. ಆಮೇಲೆ ಗರ್ಭದ ನೀರು ತೆಗೆದು ಕೂಸನ್ನೂ ಪರೀಕ್ಷಿಸಿದರು. ಉತ್ತರ ಬರುವ ತನಕ ದುರ್ಗವ್ವ ತನ್ನ ಹೊಟ್ಟೆಯ ಮೇಲೆ ಕೈಯಿಡಲೂ ಹೆದರುತ್ತಿದ್ದಳು. ಪುಣ್ಯಕ್ಕೆ ಕೂಸಿಗೆ ತೊಂದರೆ ಇರಲಿಲ್ಲ.

ಸುದ್ದಿ ಹೊತ್ತು ಮನೆಗೆ ಬಂದು, ಡಾಕ್ಟರ್ ಹೇಳಿದ್ದನ್ನೆಲ್ಲ ಅತ್ತೆಗೆ ತಿಳಿಸಿದೆವು. ನಾನು ಅಲ್ಲೇ ಇದ್ದರೂ ಅತ್ತೆ ಬಾಗಿಲು ಹಾಕಿ, ದನಿ ತಗ್ಗಿಸಿದಳು.

"ಇದರಾಗ ಯಾರ ತಪ್ಪೂ ಇಲ್ಲಂತ ಡಾಕ್ಟರೇ ಅಂದಾರ. ಮಂದಿ ಮುಂದ ಆಡಬ್ಯಾಡ."

ದುರ್ಗವ್ವ ಹೋಗಿ ಬಾಗಿಲನ್ನು ಪೂರ್ತಿ ತೆರೆದಳು.

"ನಾಕು ವರ್ಷ ನನ್ನ ಹೊಟ್ಟೀದ ತಪ್ಪಿತ್ತು ಅತ್ತಿ. ನಿಮ್ಮ ಮಗಂದು ಅಂತ ಗೊತ್ತಾದ ಕೂಡ್ಲೆ ಯಾರ ತಪ್ಪೂ ಇಲ್ಲದಂಗ ಆತೇನು?"